ಫಾಸ್ಫೇಟ್ ಕೀಳುವ ಕಿಣ್ವಗಳು ಮತ್ತು ಕ್ಯಾನ್ಸರ್ ಕೋಶದ ಹಸಿವು

ಎಲ್ಲರಿಗೂ ನಮಸ್ಕಾರ. ಫಾಸ್ಫಟೇಸ್ ಎಂಬ ಹೆಸರು ಕೇಳಿದೊಡನೆ ಸಭೆಯಲ್ಲಿ ಅರ್ಧದಷ್ಟು ಜನ ಇದು ತಮಗಲ್ಲ ಎಂದುಕೊಳ್ಳುವ ಸಾಧ್ಯತೆ ಇರುವುದರಿಂದ, ಹೆಚ್ಚಿನವರು ಹೆಸರು ಕೇಳಿರುವ ಒಂದು ಪರೀಕ್ಷೆಯಿಂದಲೇ ಮಾತು ಆರಂಭಿಸುತ್ತೇನೆ. ಅದು ಪೆಟ್ ಸ್ಕ್ಯಾನ್. ಈ ಪರೀಕ್ಷೆಗೆ ಮುನ್ನ ರೋಗಿಯ ರಕ್ತನಾಳಕ್ಕೆ ಗ್ಲೂಕೋಸನ್ನು ಹೋಲುವ, ಆದರೆ ಗ್ಲೂಕೋಸ್ ಅಲ್ಲದ ಒಂದು ವಸ್ತುವನ್ನು ಕೊಡುತ್ತಾರೆ. ಗ್ಲೂಕೋಸಿನ ಎರಡನೆಯ ಇಂಗಾಲದ ಮೇಲಿರುವ ಹೈಡ್ರಾಕ್ಸಿಲ್ ಗುಂಪಿನ ಜಾಗದಲ್ಲಿ ವಿಕಿರಣಶೀಲ ಫ್ಲೋರಿನ್-18 ಅನ್ನು ಕೂರಿಸಿದ ಅಣು ಅದು. ಅದನ್ನು ಎಫ್‌ಡಿಜಿ ಎನ್ನುತ್ತಾರೆ. ಸುಮಾರು ಒಂದು ಗಂಟೆ ರೋಗಿಯನ್ನು ಅಲುಗಾಡದಂತೆ ವಿಶ್ರಾಂತಿಯಲ್ಲಿರಿಸಿ, ಆಮೇಲೆ ಯಂತ್ರದೊಳಕ್ಕೆ ಕಳುಹಿಸುತ್ತಾರೆ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷವಾದ್ದರಿಂದ ಎಲ್ಲವೂ ಗಡಿಯಾರ ನೋಡಿಕೊಂಡು ನಡೆಯಬೇಕು. ಕೊನೆಗೆ ಸಿಗುವ ಚಿತ್ರದಲ್ಲಿ ಮಿದುಳು ಹೊಳೆಯುತ್ತದೆ, ಮೂತ್ರಕೋಶ ಹೊಳೆಯುತ್ತದೆ, ಮತ್ತು ಬಹುತೇಕ ಕ್ಯಾನ್ಸರ್ ಗಡ್ಡೆಗಳು ಹೊಳೆಯುತ್ತವೆ.

ಗಡ್ಡೆ ಏಕೆ ಹೊಳೆಯುತ್ತದೆ ಎಂದರೆ ಅದು ಗ್ಲೂಕೋಸನ್ನು ಹೆಚ್ಚು ಎಳೆದುಕೊಳ್ಳುತ್ತದೆ ಎಂಬುದು ರೂಢಿಯ ಉತ್ತರ. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಗ್ಲೂಕೋಸನ್ನು ಒಳಕ್ಕೆ ಬಿಡುವ ಗ್ಲುಟ್-1 ಎಂಬ ಸಾಗಣೆ ಪ್ರೋಟೀನು ಅದನ್ನು ಹೊರಕ್ಕೂ ಬಿಡಬಲ್ಲದು. ಅದು ಎರಡೂ ಕಡೆಗೆ ತೆರೆಯುವ ದಾರಿ. ಒಳಗೆ ಬಂದ ಸಕ್ಕರೆ ಒಳಗೇ ಉಳಿಯುವುದು ಹೆಕ್ಸೋಕೈನೇಸ್ ಎಂಬ ಕಿಣ್ವದ ದೆಸೆಯಿಂದ. ಅದು ಕೋಶದ ಶಕ್ತಿಯ ನಾಣ್ಯವಾದ ಎಟಿಪಿಯಿಂದ ಒಂದು ಫಾಸ್ಫೇಟನ್ನು, ಅಂದರೆ ರಂಜಕ ಮತ್ತು ಆಮ್ಲಜನಕದ ಒಂದು ಪುಟ್ಟ ಗುಂಪನ್ನು, ತೆಗೆದು ಸಕ್ಕರೆಗೆ ಅಂಟಿಸುತ್ತದೆ, ಸಕ್ಕರೆಗೆ ಋಣಾವೇಶ ಬರುತ್ತದೆ, ಅಂಥ ಅಣುವನ್ನು ಗ್ಲುಟ್-1 ಸಾಗಿಸುವುದಿಲ್ಲ, ಎಣ್ಣೆಯ ಗುಣದ ಕೋಶಪೊರೆಯನ್ನು ತಾನಾಗಿ ದಾಟುವ ಶಕ್ತಿಯೂ ಅದಕ್ಕಿಲ್ಲ. ನಿಜವಾದ ಗ್ಲೂಕೋಸಾಗಿದ್ದರೆ ಮುಂದಿನ ಹಂತಗಳಲ್ಲಿ ಒಡೆದು ಖರ್ಚಾಗುತ್ತಿತ್ತು. ಎಫ್‌ಡಿಜಿ ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಯಂತ್ರ ನಮಗೆ ತೋರಿಸುವುದು ಹೀಗೆ ಸಿಕ್ಕಿಬಿದ್ದ ರಾಶಿಯನ್ನು.

ಈಗ ಒಂದು ಅಪವಾದವನ್ನು ನೋಡೋಣ. ಯಕೃತ್ತಿನ ಕೋಶಗಳಲ್ಲಿಯೇ ಹುಟ್ಟುವ ಕ್ಯಾನ್ಸರಿನಲ್ಲಿ, ಅದರಲ್ಲೂ ಗಡ್ಡೆಯ ಕೋಶಗಳು ಇನ್ನೂ ಮೂಲ ಯಕೃತ್ಕೋಶಗಳನ್ನೇ ಹೆಚ್ಚಾಗಿ ಹೋಲುವ ಹಂತದಲ್ಲಿ, ಪೆಟ್ ಸ್ಕ್ಯಾನ್ ಎಷ್ಟೋ ಸಲ ಕೈಕೊಡುತ್ತದೆ. ಗಡ್ಡೆ ಇದೆ, ಬೇರೆ ಬಗೆಯ ಸ್ಕ್ಯಾನಿನಲ್ಲಿ ಕಾಣುತ್ತದೆ, ಆದರೆ ಇಲ್ಲಿ ಹೊಳಪಿಲ್ಲ. ಇದಕ್ಕೆ ಮುಖ್ಯ ಕಾರಣ ಗ್ಲೂಕೋಸ್-6-ಫಾಸ್ಫಟೇಸ್ ಎಂಬ ಕಿಣ್ವ. ಊಟವಿಲ್ಲದ ಹೊತ್ತಿನಲ್ಲಿ ರಕ್ತಕ್ಕೆ ಗ್ಲೂಕೋಸ್ ಒದಗಿಸುವುದು ಯಕೃತ್ತಿನ ಕೆಲಸ. ಅದಕ್ಕಾಗಿ ಅದು ಸಕ್ಕರೆಗೆ ಅಂಟಿದ ಫಾಸ್ಫೇಟನ್ನು ಕೀಳಬಲ್ಲ ಈ ಕಿಣ್ವವನ್ನು ಇಟ್ಟುಕೊಂಡಿದೆ. ಗಡ್ಡೆಯ ಕೋಶವೂ ತವರಿನ ಈ ಗುಣವನ್ನು ಉಳಿಸಿಕೊಂಡಿದ್ದರೆ, ಹೆಕ್ಸೋಕೈನೇಸ್ ಅಂಟಿಸಿದ್ದನ್ನು ಇದು ಕಿತ್ತು ಹಾಕುತ್ತದೆ, ಎಫ್‌ಡಿಜಿ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಒಂದು ಫಾಸ್ಫಟೇಸ್ ಇದೆಯೋ ಇಲ್ಲವೋ ಎಂಬುದು ಒಂದು ಕೋಶ ಎಷ್ಟು ಸಕ್ಕರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಹೀಗೆ ಕಣ್ಣಿಗೆ ಕಾಣುವಂತೆ ನಿರ್ಧರಿಸುತ್ತದೆ. ಕ್ಯಾನ್ಸರ್ ಕೋಶದ ಹಸಿವನ್ನು ಅರ್ಥ ಮಾಡಿಕೊಳ್ಳಬೇಕಾದರೆ, ಫಾಸ್ಫೇಟನ್ನು ಯಾರು ಅಂಟಿಸುತ್ತಾರೆ ಎಂಬುದರಷ್ಟೇ ಗಮನವನ್ನು ಯಾರು ಕೀಳುತ್ತಾರೆ ಎಂಬುದಕ್ಕೂ ಕೊಡಬೇಕು ಎನ್ನುವುದು ನನ್ನ ವಾದ.

ಅಂಟಿಸುವ ಕಿಣ್ವಗಳನ್ನು ಕೈನೇಸ್ ಎನ್ನುತ್ತೇವೆ, ಕೀಳುವ ಕಿಣ್ವಗಳನ್ನು ಫಾಸ್ಫಟೇಸ್ ಎನ್ನುತ್ತೇವೆ. ನಾನು ವಿದ್ಯಾರ್ಥಿಯಾಗಿದ್ದಾಗ ಓದಿದ ಪಠ್ಯಪುಸ್ತಕಗಳ ಚಿತ್ರಗಳಲ್ಲಿ ಪ್ರತಿ ಕೈನೇಸಿಗೂ ಬಣ್ಣದ ಅಂಡಾಕೃತಿಯೂ ಹೆಸರೂ ಇರುತ್ತಿದ್ದವು. ಹಿಂದಕ್ಕೆ ಬರುವ ಬಾಣದ ಮೇಲೆ ಮಾತ್ರ ಹೆಸರೇ ಇರುತ್ತಿರಲಿಲ್ಲ, ಆ ಕೆಲಸ ಯಾರೋ ಮಾಡಿಕೊಳ್ಳುತ್ತಾರೆ ಎಂಬಂತೆ. ವಿಚಿತ್ರವೆಂದರೆ ಚರಿತ್ರೆಯಲ್ಲಿ ಮೊದಲು ಕಂಡದ್ದು ಕೀಳುವ ಕಿಣ್ವವೇ. 1940ರ ದಶಕದ ಆರಂಭದಲ್ಲಿ ಗರ್ಟಿ ಕೋರಿ ಮತ್ತು ಕಾರ್ಲ್ ಕೋರಿ ಅವರ ಪ್ರಯೋಗಾಲಯದಲ್ಲಿ, ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಒಡೆಯುವ ಫಾಸ್ಫಾರಿಲೇಸ್ ಎಂಬ ಕಿಣ್ವವನ್ನು ಚುರುಕು ರೂಪದಿಂದ ಮಂದ ರೂಪಕ್ಕೆ ಇಳಿಸುವ ಇನ್ನೊಂದು ಕಿಣ್ವ ಪತ್ತೆಯಾಯಿತು. ಅದು ಯಾವುದೋ ಸಹಾಯಕ ಗುಂಪನ್ನು ಕಳಚುತ್ತದೆ ಎಂದು ಊಹಿಸಿ ಅವರು ಅದಕ್ಕೆ ಪಿಆರ್ ಕಿಣ್ವ ಎಂಬ ಹೆಸರಿಟ್ಟರು. ಕಳಚುತ್ತಿದ್ದುದು ಫಾಸ್ಫೇಟು ಎಂಬುದು ತಿಳಿದದ್ದು 1950ರ ದಶಕದಲ್ಲಿ, ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ ಅದೇ ಫಾಸ್ಫಾರಿಲೇಸಿಗೆ ಫಾಸ್ಫೇಟ್ ಅಂಟುವುದನ್ನು ತೋರಿಸಿದ ಮೇಲೆ. ಆ ಇಬ್ಬರಿಗೆ 1992ರಲ್ಲಿ ನೊಬೆಲ್ ಬಂದಿತು. ಮಾನವ ಜೀನೋಮಿನಲ್ಲಿ ಸುಮಾರು 500 ಪ್ರೋಟೀನ್ ಕೈನೇಸುಗಳಿವೆ. ಪ್ರೋಟೀನಿನ ಸೆರೀನ್ ಮತ್ತು ಥ್ರಿಯೋನಿನ್ ಎಂಬ ಅಮೈನೋ ಆಮ್ಲಗಳಿಂದ ಫಾಸ್ಫೇಟ್ ಕೀಳುವ ಮೂಲ ಕಿಣ್ವಗಳು ಕೆಲವು ಡಜನ್ ಮಾತ್ರ. ಸಂಖ್ಯೆಯ ಈ ಅಂತರವೇ ಫಾಸ್ಫಟೇಸುಗಳಿಗೆ ಆರಿಸಿ ಕೆಲಸ ಮಾಡುವ ವಿವೇಕವಿಲ್ಲ ಎಂಬ ತಪ್ಪು ಕಲ್ಪನೆಯನ್ನು ಬಹುಕಾಲ ಪೋಷಿಸಿತು. ಪಿಪಿ2ಎ ಎಂಬ ಫಾಸ್ಫಟೇಸಿನ ಮಾತು ಮುಂದೆ ಬಂದಾಗ ಈ ಕಲ್ಪನೆ ಏಕೆ ತಪ್ಪೆಂಬುದು ತಿಳಿಯುತ್ತದೆ.

ಆಹಾರದ ಅಣುವಿನ ಮೇಲೇ ಫಾಸ್ಫೇಟ್ ಇರುವ ಪ್ರಸಂಗಗಳನ್ನು ಬೇಗ ಮುಗಿಸುತ್ತೇನೆ. ರಕ್ತದಲ್ಲಿರುವ ಬಿ6 ಜೀವಸತ್ತ್ವದ ಮುಖ್ಯ ರೂಪಕ್ಕೆ ಫಾಸ್ಫೇಟ್ ಅಂಟಿರುತ್ತದೆ. ಕೋಶದ ಹೊರಮೈಯಲ್ಲಿರುವ ಆಲ್ಕಲೈನ್ ಫಾಸ್ಫಟೇಸ್ ಅದನ್ನು ಕಿತ್ತ ಮೇಲೆಯೇ ಜೀವಸತ್ತ್ವ ಒಳಗೆ ಹೋಗಬಲ್ಲದು. ಈ ಕಿಣ್ವದ ತೀವ್ರ ಕೊರತೆಯಿಂದ ಹುಟ್ಟಿದ ಕೆಲವು ಶಿಶುಗಳಿಗೆ ಬಿ6 ಕೊಟ್ಟರೆ ನಿಲ್ಲುವ ಸೆಳವು ಬರುವುದು ಇದೇ ಕಾರಣಕ್ಕೆ. ಸತ್ತ ಕೋಶಗಳಿಂದ ಸೋರಿದ, ಡಿಎನ್‌ಎ ಮತ್ತು ಆರ್‌ಎನ್‌ಎಗಳ ಘಟಕಗಳಾದ ನ್ಯೂಕ್ಲಿಯೋಟೈಡುಗಳೂ ಹಾಗೆಯೇ. ಹಲವು ಬಗೆಯ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುವ ಸಿಡಿ73 ಎಂಬ ಹೊರಮೈ ಕಿಣ್ವ ಎಎಂಪಿ ಎಂಬ ನ್ಯೂಕ್ಲಿಯೋಟೈಡಿನ ಫಾಸ್ಫೇಟನ್ನು ಕಿತ್ತು ಅಡಿನೋಸಿನ್ ಮಾಡುತ್ತದೆ, ಅಡಿನೋಸಿನ್ ಕೋಶದೊಳಕ್ಕೆ ಹೋಗಬಲ್ಲದು. ಅದೇ ಅಡಿನೋಸಿನ್ ಸುತ್ತಲಿನ ರೋಗನಿರೋಧಕ ಕೋಶಗಳನ್ನು ಮಂಕಾಗಿಸುವುದರಿಂದ ಗಡ್ಡೆಗೆ ಇನ್ನೊಂದು ಲಾಭವೂ ಉಂಟು, ಆದರೆ ಅದು ಬೇರೆಯೇ ಉಪನ್ಯಾಸದ ವಿಷಯ.

ಇನ್ನು ಪಿಟೆನ್ ಎಂಬ ಫಾಸ್ಫಟೇಸ್. ಈ ಹೊತ್ತಿನ ಮಾತಿನಲ್ಲಿ ಹೆಚ್ಚಿನ ಸಮಯ ಸಲ್ಲಬೇಕಾದದ್ದು ಇದಕ್ಕೆ ಮತ್ತು ಇದರ ನಂತರ ಬರುವ ಪಿಪಿ2ಎಗೆ. ಹತ್ತನೆಯ ವರ್ಣತಂತುವಿನ ಒಂದು ತುಣುಕು ಮಿದುಳಿನ ಮತ್ತು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರುಗಳಲ್ಲಿ ಮತ್ತೆ ಮತ್ತೆ ಕಳೆದುಹೋಗಿರುವುದನ್ನು ಗಮನಿಸಿದ ಸಂಶೋಧಕರು ಅಲ್ಲಿ ಏನೋ ಒಂದು ನಿಯಂತ್ರಕ ವಂಶವಾಹಿ ಇರಬೇಕೆಂದು ಹುಡುಕುತ್ತಿದ್ದರು. 1997ರಲ್ಲಿ ಅದು ಸಿಕ್ಕಿತು. 403 ಅಮೈನೋ ಆಮ್ಲಗಳ ಆ ಪ್ರೋಟೀನಿನ ರಚನೆ ಫಾಸ್ಫಟೇಸುಗಳನ್ನು ಹೋಲುತ್ತಿದ್ದುದರಿಂದ, ಅದು ಯಾವುದೋ ಪ್ರೋಟೀನಿನಿಂದ ಫಾಸ್ಫೇಟ್ ಕೀಳುತ್ತದೆ ಎಂದೇ ಎಲ್ಲರೂ ಭಾವಿಸಿದರು. ಮರುವರ್ಷವೇ, 1998ರಲ್ಲಿ, ಟೊಮೊಹಿಕೊ ಮಾಯೆಹಾಮಾ ಮತ್ತು ಜ್ಯಾಕ್ ಡಿಕ್ಸನ್ ತೋರಿಸಿದ್ದು ಬೇರೆ: ಪಿಟೆನ್ ಮುಖ್ಯವಾಗಿ ಕೀಳುವುದು ಪ್ರೋಟೀನಿನ ಫಾಸ್ಫೇಟನ್ನಲ್ಲ, ಕೋಶಪೊರೆಯಲ್ಲಿರುವ ಒಂದು ಕೊಬ್ಬಿನ ಅಣುವಿನದನ್ನು.

ಆ ಕೊಬ್ಬಿನ ಹೆಸರು ಪಿಐಪಿ3. ಇನ್ಸುಲಿನ್ ಅಥವಾ ಬೆಳವಣಿಗೆಯ ಸೂಚನೆ ಕೊಡುವ ಇನ್ನಾವುದಾದರೂ ಪ್ರೋಟೀನು ಕೋಶದ ಹೊರಗೆ ಬಂದು ತನ್ನ ಗ್ರಾಹಿಯನ್ನು ಮುಟ್ಟಿದಾಗ, ಒಳಗಡೆ ಪಿಐ3 ಕೈನೇಸ್ ಎಚ್ಚೆತ್ತು ಪೊರೆಯ ಒಳಮೈಯಲ್ಲಿರುವ ಕೊಬ್ಬಿನ ಅಣುವಿನ ಉಂಗುರದ ಮೂರನೆಯ ಸ್ಥಾನಕ್ಕೆ ಒಂದು ಫಾಸ್ಫೇಟನ್ನು ಸೇರಿಸುತ್ತದೆ. ಹಾಗೆ ಸಿದ್ಧವಾದ ಪಿಐಪಿ3ಗೆ ಆಕ್ಟ್ ಎಂಬ ಮತ್ತೊಂದು ಕೈನೇಸ್ ಬಂದು ಅಂಟಿಕೊಳ್ಳುತ್ತದೆ, ಅಂಟಿಕೊಂಡಲ್ಲೇ ಚುರುಕಾಗುತ್ತದೆ. ಚುರುಕಾದ ಆಕ್ಟ್ ಮಾಡುವ ಕೆಲಸಗಳಲ್ಲಿ ನಮಗೆ ಬೇಕಾದವು ಕೆಲವು. ಕೋಶದೊಳಗಿನ ಚೀಲಗಳಲ್ಲಿ ಕಾದಿರುವ ಗ್ಲುಟ್-1 ಪ್ರೋಟೀನುಗಳು ಹೊರಮೈಗೆ ಬರುವಂತೆ ಅದು ಮಾಡುತ್ತದೆ. ಗ್ಲುಟ್-1 ಅನ್ನು ಹೊರಮೈಯಿಂದ ಒಳಕ್ಕೆ ಸೆಳೆಯುವ ಟಿಎಕ್ಸ್‌ಎನ್‌ಐಪಿ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸಿ ಅದರ ಹಿಡಿತವನ್ನು ಸಡಿಲಿಸುತ್ತದೆ. ಹೆಕ್ಸೋಕೈನೇಸ್ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಾಕ್ಕೆ ಅಂಟಿಕೊಂಡು ಎಟಿಪಿಯ ಸಮೀಪದಲ್ಲೇ ಕೆಲಸ ಮಾಡುವಂತೆ ಅನುಕೂಲ ಒದಗಿಸುತ್ತದೆ. ಎಂಟಾರ್ ಎಂಬ ಕೈನೇಸಿನ ಮೂಲಕ ಅಮೈನೋ ಆಮ್ಲಗಳ ಸಾಗಣೆ ಪ್ರೋಟೀನುಗಳನ್ನೂ ಹೊರಮೈಯಲ್ಲಿ ಉಳಿಸುತ್ತದೆ. ಒಂದೇ ಸೂಚನೆಗೆ ಸಕ್ಕರೆಯ ದಾರಿಯೂ ಅಮೈನೋ ಆಮ್ಲಗಳ ದಾರಿಯೂ ಒಟ್ಟಿಗೆ ತೆರೆದುಕೊಳ್ಳುವುದು ಹೀಗೆ.

ಆರೋಗ್ಯವಂತ ಕೋಶದಲ್ಲಿ ಈ ಸ್ಥಿತಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಏಕೆಂದರೆ ಪಿಟೆನ್ ಮೂರನೆಯ ಸ್ಥಾನದ ಅದೇ ಫಾಸ್ಫೇಟನ್ನು ಕೀಳುತ್ತಿರುತ್ತದೆ. ಹೊರಗಿನ ಸೂಚನೆ ನಿಂತೊಡನೆ ಪಿಐಪಿ3 ಇಳಿಯುತ್ತದೆ, ಆಕ್ಟ್ ಮಂದವಾಗುತ್ತದೆ, ಸಾಗಣೆ ಪ್ರೋಟೀನುಗಳು ಒಳಸರಿಯುತ್ತವೆ. ಬಹುಕೋಶ ಜೀವಿಯಲ್ಲಿ ಇದಕ್ಕೊಂದು ಆಳವಾದ ಅರ್ಥವಿದೆ: ಸುತ್ತಲೂ ಎಷ್ಟೇ ಪೋಷಕಾಂಶ ತುಂಬಿದ್ದರೂ, ಅನುಮತಿಯ ಸೂಚನೆ ಇಲ್ಲದೆ ಕೋಶ ಅದನ್ನು ಮನಬಂದಂತೆ ಎಳೆದುಕೊಳ್ಳುವಂತಿಲ್ಲ. ಪಿಟೆನ್ ಕಳೆದುಕೊಂಡ ಕೋಶಕ್ಕೆ ಅನುಮತಿ ಬೇಕಾಗುವುದಿಲ್ಲ, ಒಮ್ಮೆ ಸಿಕ್ಕ ಅನುಮತಿ ಮುಗಿಯುವುದೂ ಇಲ್ಲ. ಗರ್ಭಕೋಶದ ಒಳಪದರ, ಪ್ರಾಸ್ಟೇಟ್, ಮಿದುಳು ಇವುಗಳ ಕ್ಯಾನ್ಸರಿನಲ್ಲಿ ಈ ನಷ್ಟ ಮತ್ತೆ ಮತ್ತೆ ಕಾಣುತ್ತದೆ; ಹುಟ್ಟಿನಿಂದಲೇ ಒಂದು ಪ್ರತಿ ಕೆಟ್ಟಿರುವವರಲ್ಲಿ ಕ್ಯಾನ್ಸರಿನ ಸಾಧ್ಯತೆಯನ್ನು ಹೆಚ್ಚಿಸುವ ಕೌಡೆನ್ ಸಿಂಡ್ರೋಮ್ ಎಂಬ ಆನುವಂಶಿಕ ರೋಗ ಬರುತ್ತದೆ. ತಿರುವುಮುರುವಾದ ಪ್ರಯೋಗವೂ ನಡೆದಿದೆ. ಪಿಟೆನ್ ವಂಶವಾಹಿಯ ಹೆಚ್ಚುವರಿ ಪ್ರತಿಗಳನ್ನು ಕೊಟ್ಟು ಬೆಳೆಸಿದ ಇಲಿಗಳ ವಿವರ 2012ರಲ್ಲಿ ಪ್ರಕಟವಾಯಿತು: ಅವು ಗಾತ್ರದಲ್ಲಿ ಚಿಕ್ಕವು, ಮೈಯಲ್ಲಿ ಕೊಬ್ಬು ಕಡಿಮೆ, ಶಕ್ತಿಯ ಖರ್ಚು ಹೆಚ್ಚು, ಅವುಗಳ ಕೋಶಗಳು ಗ್ಲೂಕೋಸ್ ಎಳೆದುಕೊಳ್ಳುವುದು ಕಡಿಮೆ, ಮತ್ತು ಕ್ಯಾನ್ಸರಿಗೆ ಅವು ಸುಲಭವಾಗಿ ತುತ್ತಾಗುತ್ತಿರಲಿಲ್ಲ.

ಗಡ್ಡೆಯ ಒಳಭಾಗದಲ್ಲಿ ರಕ್ತನಾಳಗಳು ಸರಿಯಾಗಿ ಬೆಳೆದಿರುವುದಿಲ್ಲ. ಅಲ್ಲಿ ಗ್ಲೂಕೋಸೂ ಅಮೈನೋ ಆಮ್ಲಗಳೂ ವಿರಳ, ಸಾಗಣೆ ಪ್ರೋಟೀನು ಎಷ್ಟಿದ್ದರೇನು, ಹೊರಗೆ ಸರಕೇ ಇಲ್ಲ. ಇಂಥ ಜಾಗದಲ್ಲಿ ಕೆಲವು ಕ್ಯಾನ್ಸರ್ ಕೋಶಗಳು ಬೇರೆ ವಿಧಾನ ಹಿಡಿಯುತ್ತವೆ. ಕೋಶದ ಹೊರಮೈ ತೆಳುವಾದ ಸೆರಗಿನಂತೆ ಎದ್ದು ಮಡಚಿಕೊಂಡು, ಸುತ್ತಲಿನ ದ್ರವವನ್ನು ಅದರಲ್ಲಿರುವುದೆಲ್ಲದರ ಸಮೇತ ಒಳಗೆ ಸುತ್ತಿಕೊಳ್ಳುತ್ತದೆ. ಇದಕ್ಕೆ ಮ್ಯಾಕ್ರೋಪಿನೋಸೈಟೋಸಿಸ್ ಎಂದು ಹೆಸರು. ಹೀಗೆ ಒಳಬಂದ ಅಲ್ಬುಮಿನ್ ಮುಂತಾದ ಪ್ರೋಟೀನುಗಳು ಲೈಸೋಸೋಮ್ ಎಂಬ ಕೋಶದ ಜೀರ್ಣಚೀಲದಲ್ಲಿ ಜೀರ್ಣವಾಗಿ ಅಮೈನೋ ಆಮ್ಲಗಳಾಗುತ್ತವೆ. ಬೆಳವಣಿಗೆಯ ಸೂಚನೆಯನ್ನು ಕೋಶದೊಳಗೆ ದಾಟಿಸುವ ರಾಸ್ ಎಂಬ ವಂಶವಾಹಿ ಕೆಟ್ಟಿರುವ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಕೋಶಗಳು ಇದನ್ನು ಮಾಡುತ್ತವೆ ಎಂಬುದು 2013ರಲ್ಲಿ ಸ್ಪಷ್ಟವಾಯಿತು. ಪಿಟೆನ್ ಇಲ್ಲದ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ಸತ್ತ ಕೋಶಗಳ ಚೂರುಗಳನ್ನೇ ಹೀಗೆ ನುಂಗಿ ಬೆಳೆಯುತ್ತವೆ ಎಂಬುದನ್ನು 2018ರ ಒಂದು ಅಧ್ಯಯನ ತೋರಿಸಿತು. ಪಿಐಪಿ3 ಹೆಚ್ಚಿರುವುದು ಆ ಸೆರಗು ಏಳಲು ನೆರವಾಗುತ್ತದೆ, ಜೊತೆಗೆ ಕೋಶ ಶಕ್ತಿಯ ಕೊರತೆಯಲ್ಲಿದೆ ಎಂದು ಸಾರುವ ಎಎಂಪಿಕೆ ಎಂಬ ಕೈನೇಸೂ ಎಚ್ಚೆತ್ತಿರಬೇಕು. ಒಂದು ದಾರಿ ಮುಚ್ಚಿದರೆ ಕ್ಯಾನ್ಸರ್ ಕೋಶ ಇನ್ನೊಂದರಿಂದ ತಿನ್ನುತ್ತದೆ ಎಂಬ ಈ ಅಂಶ ಮುಂದಿನ ಮಾತಿಗೆ ಬೇಕಾಗುತ್ತದೆ, ನೆನಪಿನಲ್ಲಿಡಿ.

ಪಿಪಿ2ಎ ಒಂಟಿ ಪ್ರೋಟೀನಲ್ಲ. ಮೂರು ಪ್ರೋಟೀನುಗಳ ಕೂಟ. ಒಂದು ಚೌಕಟ್ಟು, ಒಂದು ಫಾಸ್ಫೇಟ್ ಕೀಳುವ ಭಾಗ, ಮತ್ತೊಂದು ಎಲ್ಲಿ ಯಾರಿಂದ ಕೀಳಬೇಕೆಂಬುದನ್ನು ತೀರ್ಮಾನಿಸುವ ಭಾಗ. ಈ ಮೂರನೆಯದಕ್ಕೆ ಹತ್ತಾರು ಪರ್ಯಾಯಗಳಿರುವುದರಿಂದ, ಕೀಳುವ ಭಾಗ ಒಂದೇ ಆಗಿದ್ದರೂ ಅದರ ಕೆಲಸ ಕೂಟದಿಂದ ಕೂಟಕ್ಕೆ ಬದಲಾಗುತ್ತದೆ. ಆಗಲೇ ಹೇಳಿದ ವಿವೇಕ ಅಡಗಿರುವುದು ಇಲ್ಲಿ. ಕ್ಯಾನ್ಸರಿಗೂ ಇದಕ್ಕೂ ಇರುವ ನಂಟು ಹಳೆಯದು. ಸಮುದ್ರದ ಸ್ಪಂಜಿನಿಂದ ಬೇರ್ಪಡಿಸಿದ ಒಕಡಾಯಿಕ್ ಆಮ್ಲ ಇಲಿಯ ಚರ್ಮದಲ್ಲಿ ಗಡ್ಡೆ ಬೆಳೆಯಲು ಪ್ರಚೋದನೆ ಕೊಡುತ್ತದೆ. ಅದು ತಡೆಯುವ ಕಿಣ್ವಗಳಲ್ಲಿ ಮುಖ್ಯವಾದದ್ದು ಪಿಪಿ2ಎ. ಎಸ್‌ವಿ40 ವೈರಸ್ಸಿನ ಒಂದು ಚಿಕ್ಕ ಪ್ರೋಟೀನು ಕೋಶಗಳನ್ನು ಕ್ಯಾನ್ಸರಿನ ಕಡೆಗೆ ತಿರುಗಿಸುವಾಗ ಹೋಗಿ ಹಿಡಿಯುವುದೂ ಇದನ್ನೇ.

ಪೋಷಕಾಂಶಗಳ ಸಂಗತಿ ಬಂದದ್ದು ಯೀಸ್ಟಿನ ಕಡೆಯಿಂದ. ಯೀಸ್ಟ್ ಕೋಶಕ್ಕೆ ಬಿಸಿಯ ಆಘಾತವಾದಾಗ ಅದರಲ್ಲಿ ಸ್ಫಿಂಗೋಲಿಪಿಡ್ ಎಂಬ ಜಾತಿಯ ಕೊಬ್ಬುಗಳು ಏರುತ್ತವೆ, ಪೋಷಕಾಂಶಗಳ ಸಾಗಣೆ ಪ್ರೋಟೀನುಗಳು ಹೊರಮೈಯಿಂದ ಇಳಿಯುತ್ತವೆ, ಕೋಶ ಬೆಳವಣಿಗೆ ನಿಲ್ಲಿಸಿ ಕಷ್ಟಕಾಲವನ್ನು ಕಳೆಯುತ್ತದೆ. ಸಸ್ತನಿಗಳ ಕೋಶದಲ್ಲಿಯೂ ಸೆರಮೈಡ್ ಎಂಬ ಸ್ಫಿಂಗೋಲಿಪಿಡ್ ಪಿಪಿ2ಎಯನ್ನು ಚುರುಕುಗೊಳಿಸುತ್ತದೆ, ಅದರ ಫಲವಾಗಿ ಅಮೈನೋ ಆಮ್ಲಗಳ ಮತ್ತು ಗ್ಲೂಕೋಸಿನ ಸಾಗಣೆ ಪ್ರೋಟೀನುಗಳು ಹೊರಮೈಯಿಂದ ಒಳಸರಿಯುತ್ತವೆ. ಸಾಮಾನ್ಯ ಕೋಶ ಇದಕ್ಕೆ ಹೊಂದಿಕೊಳ್ಳಬಲ್ಲದು: ವಿಭಜನೆ ನಿಲ್ಲಿಸುತ್ತದೆ, ತನ್ನದೇ ಹಳೆಯ ಭಾಗಗಳನ್ನು ಒಡೆದು ಬಳಸಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಇದು ಕಷ್ಟ. ಬೆಳೆ, ಬೆಳೆ ಎನ್ನುವ ಸೂಚನೆ ಒಳಗೆ ಸದಾ ಮೊಳಗುತ್ತಿರುವುದರಿಂದ ಅದು ಖರ್ಚನ್ನು ತಗ್ಗಿಸಲಾರದು. ಆದಾಯ ನಿಂತಾಗ ಸಾಯುತ್ತದೆ.

ಈ ಸಂಗತಿಯನ್ನು ಔಷಧವಾಗಿಸುವ ಪ್ರಯತ್ನದಲ್ಲಿ ಮೊದಲು ಕೈಗೆ ಸಿಕ್ಕಿದ್ದು ಫಿಂಗೋಲಿಮಾಡ್. 2010ರಲ್ಲಿ ಅಮೆರಿಕದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗಕ್ಕೆ ಒಪ್ಪಿಗೆ ಪಡೆದ ಈ ಮಾತ್ರೆ ರಚನೆಯಲ್ಲಿ ಅದೇ ಸ್ಫಿಂಗೋಲಿಪಿಡ್ ಜಾತಿಯ ಸ್ಫಿಂಗೋಸಿನ್ನಿನ ಸೋದರ. ಪ್ರಯೋಗಾಲಯದಲ್ಲಿ ಅದು ಪಿಪಿ2ಎಯನ್ನು ಚುರುಕುಗೊಳಿಸಿ, ಸಾಗಣೆ ಪ್ರೋಟೀನುಗಳನ್ನು ಇಳಿಸಿ, ಕ್ಯಾನ್ಸರ್ ಕೋಶಗಳನ್ನು ಉಪವಾಸ ಕೆಡವಿತು. ಆದರೆ ದೇಹದೊಳಗೆ ಒಂದು ಕೈನೇಸ್ ಈ ಔಷಧಕ್ಕೇ ಫಾಸ್ಫೇಟ್ ಅಂಟಿಸುತ್ತದೆ, ಮತ್ತು ಫಾಸ್ಫೇಟ್ ಅಂಟಿದ ಆ ರೂಪ ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ನರರೋಗಕ್ಕೆ ದಿನಕ್ಕೆ 0.5 ಮಿಲಿಗ್ರಾಂ ಕೊಡುವಾಗಲೂ ಮೊದಲ ಮಾತ್ರೆಯ ನಂತರ ಆರು ಗಂಟೆ ರೋಗಿಯ ಮೇಲೆ ನಿಗಾ ಇಡಬೇಕು. ಕ್ಯಾನ್ಸರಿಗೆ ಬೇಕಾಗುವುದು ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣ. ಫಾಸ್ಫೇಟ್ ಇಲ್ಲದಾಗ ಗಡ್ಡೆಯ ಶತ್ರು, ಫಾಸ್ಫೇಟ್ ಅಂಟಿದಾಗ ಹೃದಯಕ್ಕೆ ಅಪಾಯ. ಇಂದಿನ ವಿಷಯ ಔಷಧದ ಮೈಮೇಲೇ ಬಂದು ಕೂತ ಪರಿ ಇದು!

ಹಾಗಾಗಿ ಹೃದಯದ ಗ್ರಾಹಿಗಳನ್ನು ಮುಟ್ಟದಂತೆ ಆ ಅಣುವನ್ನು ತಿದ್ದಿ ಹೊಸ ಅಣುಗಳನ್ನು ಮಾಡಿದರು. ಅವುಗಳಲ್ಲಿ ಎಸ್‌ಎಚ್-ಬಿಸಿ-893 ಎಂಬುದರ ಬಗ್ಗೆ 2016ರಲ್ಲಿ ಬಂದ ಇಲಿಗಳ ಅಧ್ಯಯನ ನನಗೆ ಬಹಳ ಹಿಡಿಸಿತು. ಪಿಪಿ2ಎಯ ಮೂಲಕ ಅದು ಸಾಗಣೆ ಪ್ರೋಟೀನುಗಳನ್ನು ಇಳಿಸಿದ್ದಲ್ಲದೆ, ಪಿಐಕೆಫೈವ್ ಎಂಬ ಇನ್ನೊಂದು ಕೊಬ್ಬಿನ ಕೈನೇಸನ್ನು ಅದರ ಜಾಗದಿಂದ ಕದಲಿಸಿತು. ಪರಿಣಾಮವಾಗಿ, ನುಂಗಿದ ಸರಕಿನ ಚೀಲಗಳು ಲೈಸೋಸೋಮಿನೊಂದಿಗೆ ಬೆರೆಯಲಾಗದೆ ಕೋಶದೊಳಗೆ ದೊಡ್ಡ ದೊಡ್ಡ ಬುರುಡೆಗಳಂತೆ ಉಬ್ಬಿ ನಿಂತವು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ತುಂಬ ಖಾಲಿ ಗುಳ್ಳೆಗಳು. ಸಾಗಣೆಯ ದಾರಿ, ನುಂಗುವ ದಾರಿ, ತನ್ನನ್ನೇ ಒಡೆದು ತಿನ್ನುವ ದಾರಿ, ಮೂರೂ ಏಕಕಾಲಕ್ಕೆ ನಿಂತವು. ಇದು ಇನ್ನೂ ಇಲಿಗಳ ಮಾತು, ರೋಗಿಗಳದ್ದಲ್ಲ. ಆದರೂ ಒಂದೊಂದೇ ದಾರಿಯನ್ನು ಮುಚ್ಚುವ ಔಷಧಗಳಿಗಿಂತ ಇದರ ತರ್ಕ ಗಟ್ಟಿ ಎಂದು ನನಗನಿಸುತ್ತದೆ.

ಇಷ್ಟು ಕೇಳಿದವರಿಗೆ ಫಾಸ್ಫಟೇಸುಗಳೆಲ್ಲ ಒಳ್ಳೆಯವು ಎನಿಸಿದ್ದರೆ ಅದು ನನ್ನ ತಪ್ಪು. ಎಸ್‌ಎಚ್‌ಪಿ2 ಎಂಬ ಫಾಸ್ಫಟೇಸ್ ಪ್ರೋಟೀನುಗಳಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಫಾಸ್ಫೇಟ್ ಕೀಳುವ ಮೂಲಕ ರಾಸ್ ಮಾರ್ಗವನ್ನು ಮುಂದಕ್ಕೆ ದೂಡುತ್ತದೆ. ಅದು ಅತಿ ಚುರುಕಾದರೆ ಮಕ್ಕಳಲ್ಲಿ ಒಂದು ಬಗೆಯ ರಕ್ತಕ್ಯಾನ್ಸರ್ ಬರಬಹುದು. ಇಲ್ಲಿ ಬೇಕಾದದ್ದು ತಡೆಯುವ ಔಷಧ, ಚುರುಕುಗೊಳಿಸುವುದಲ್ಲ.

ಪಿಟೆನ್ ಪೂರ್ತಿ ಕಳೆದುಹೋದ ಗಡ್ಡೆಯಲ್ಲಿ ಚುರುಕುಗೊಳಿಸಲು ಏನೂ ಉಳಿದಿರುವುದಿಲ್ಲವಾದ್ದರಿಂದ, ಅದರ ಎದುರು ಬದಿಯ ಕೈನೇಸುಗಳನ್ನು ತಡೆಯುವುದೇ ಉಪಾಯ. ಪಿಐ3 ಕೈನೇಸಿನ ವಂಶವಾಹಿ ಕೆಟ್ಟಿರುವ ಸ್ತನ ಕ್ಯಾನ್ಸರಿಗೆ ಆಲ್ಪೆಲಿಸಿಬ್ 2019ರಲ್ಲಿ ಒಪ್ಪಿಗೆ ಪಡೆಯಿತು. ಆಕ್ಟ್ ಅನ್ನು ತಡೆಯುವ ಕ್ಯಾಪಿವಾಸರ್ಟಿಬ್ 2023ರಲ್ಲಿ ಬಂದಾಗ, ಯಾರಿಗೆ ಕೊಡಬಹುದೆಂಬ ಪಟ್ಟಿಯಲ್ಲಿ ಪಿಟೆನ್ ಕೆಟ್ಟಿರುವ ಗಡ್ಡೆಗಳೂ ಸೇರಿದ್ದವು. ಆಲ್ಪೆಲಿಸಿಬ್ ತೆಗೆದುಕೊಳ್ಳುವ ಅನೇಕರ ರಕ್ತದಲ್ಲಿ ಸಕ್ಕರೆ ಏರುತ್ತದೆ. ಇನ್ಸುಲಿನ್ ಕೂಡ ಅದೇ ಪಿಐ3 ಕೈನೇಸಿನ ಮೂಲಕವೇ ಕೆಲಸ ಮಾಡುವುದರಿಂದ, ಔಷಧವಿರುವಾಗ ಯಕೃತ್ತಿಗೆ ಇನ್ಸುಲಿನ್ನಿನ ಮಾತು ಕೇಳಿಸುವುದಿಲ್ಲ. ಅದು ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಲೇ ಹೋಗುತ್ತದೆ. ಅದಕ್ಕೆ ಉತ್ತರವಾಗಿ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ, ಆ ಇನ್ಸುಲಿನ್ ಗಡ್ಡೆಯಲ್ಲಿ ಔಷಧ ತಡೆದ ಮಾರ್ಗವನ್ನೇ ಮತ್ತೆ ಎಬ್ಬಿಸುತ್ತದೆ ಎಂದು 2018ರ ಇಲಿಗಳ ಅಧ್ಯಯನವೊಂದು ತೋರಿಸಿತ್ತು.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಎದ್ದು, ಹಾಗಾದರೆ ಸಕ್ಕರೆ ತಿನ್ನುವುದನ್ನು ಪೂರ್ತಿ ಬಿಟ್ಟರೆ ಗಡ್ಡೆ ಉಪವಾಸ ಬೀಳುವುದಿಲ್ಲವೇ ಎಂದು ಕೇಳಿದರು. ಈ ಪ್ರಶ್ನೆ ಬರುತ್ತದೆಂದು ನಾನು ನಿರೀಕ್ಷಿಸಿದ್ದೆ. ನಾನು ಕೊಟ್ಟ ಉತ್ತರ ಇಷ್ಟು: ನಾವು ತಿಂದರೂ ಬಿಟ್ಟರೂ ರಕ್ತದ ಗ್ಲೂಕೋಸ್ ಲೀಟರಿಗೆ ಸುಮಾರು 5 ಮಿಲಿಮೋಲ್ ಆಸುಪಾಸಿನಲ್ಲಿ ಉಳಿಯುತ್ತದೆ, ಮತ್ತು ಗ್ಲುಟ್-1ಕ್ಕೆ ತನ್ನ ಕೆಲಸ ನಡೆಸಲು ಅಷ್ಟು ಧಾರಾಳವಾಗಿ ಸಾಕು. ಊಟ ಬಿಟ್ಟಾಗ ಮೊದಲು ಗ್ಲೈಕೋಜನ್ ಒಡೆದು, ಅದು ಮುಗಿದಾಗ ಸ್ನಾಯುವಿನಿಂದ ಬಂದ ಅಮೈನೋ ಆಮ್ಲಗಳಿಂದ ಹೊಸದಾಗಿ ತಯಾರಿಸಿ, ಯಕೃತ್ತು ಆ ಮಟ್ಟವನ್ನು ಕಾಯುತ್ತದೆ. ಕ್ಯಾನ್ಸರ್ ರೋಗಿಗೆ ಕಳೆದುಕೊಳ್ಳಲು ಹೆಚ್ಚು ಸ್ನಾಯು ಇರುವುದಿಲ್ಲ. ಹೀಗೆ ತಯಾರಾದ ಪ್ರತಿಯೊಂದು ಗ್ಲೂಕೋಸ್ ಅಣುವೂ ಯಕೃತ್ತಿನಿಂದ ಹೊರಬೀಳುವ ಮುನ್ನ ಒಂದು ಫಾಸ್ಫೇಟನ್ನು ಕಳಚಿಕೊಳ್ಳಬೇಕು. ಕಳಚುವುದು, ಸ್ಕ್ಯಾನಿನಲ್ಲಿ ಯಕೃತ್ತಿನ ಗಡ್ಡೆಯನ್ನು ಕಾಣದಂತೆ ಮಾಡಿದ ಅದೇ ಗ್ಲೂಕೋಸ್-6-ಫಾಸ್ಫಟೇಸ್.